1 ಜಿಬಿ ಸರ್ವರ್‌ಗೆ ಯಾವ ಲಿನಕ್ಸ್? ನಾನು ಡೆಬಿಯನ್ ಕಡೆ

2024ರ ಜೂನ್ 30ಕ್ಕೆ ಸೆಂಟ್‌ಓಎಸ್ 7 ಎಂಬ ಲಿನಕ್ಸ್‌ನ ಅಪ್‌ಡೇಟ್‌ಗಳು ನಿಂತವು. ನಾನು ನೋಡಿಕೊಳ್ಳುವ ಬಿಲ್ಲಿಂಗ್ ಸರ್ವರ್ ಅದರ ಮೇಲೇ ಇತ್ತು. 1 ಜಿಬಿ ರ‍್ಯಾಮ್‌ನ ಬಾಡಿಗೆ ವಿಪಿಎಸ್ (ವರ್ಚುವಲ್ ಸರ್ವರ್). ವೆಬ್ ಸರ್ವರ್ ಎಂಜಿನ್‌ಎಕ್ಸ್, ಆ್ಯಪ್ ಪೈಥಾನ್‌ನ ಜಾಂಗೋದಲ್ಲಿ, ಡೇಟಾಬೇಸ್ ಪೋಸ್ಟ್‌ಗ್ರೆಸ್. ಅದೇ ಆ್ಯಪನ್ನು ಅಲ್ಮಾಲಿನಕ್ಸ್ 9, ಉಬುಂಟು 24.04, ಡೆಬಿಯನ್ 12 ಮೂರರಲ್ಲೂ ಓಡಿಸಿ ನೋಡಿದೆ. ಉಳಿಸಿಕೊಂಡದ್ದು ಡೆಬಿಯನ್.

ಸೆಂಟ್‌ಓಎಸ್ ಬಳಸಿದವರಿಗೆ ಅಲ್ಮಾ ಹೊಸದೆನಿಸುವುದಿಲ್ಲ. ಭದ್ರತಾ ಅಪ್‌ಡೇಟ್ 2032ರವರೆಗೆ ಇದೆ. ತೊಡಕಾದದ್ದು ಎಸ್‌ಇಲಿನಕ್ಸ್, ಅಂದರೆ ಯಾವ ಪ್ರೋಗ್ರಾಂ ಏನನ್ನು ಮುಟ್ಟಬಹುದೆಂದು ಲೇಬಲ್ ನೋಡಿ ನಿರ್ಧರಿಸುವ ಭದ್ರತಾ ವ್ಯವಸ್ಥೆ. ಹಳೆಯ ಸರ್ವರ್‌ನಲ್ಲಿ ನನಗಿಂತ ಮೊದಲಿದ್ದವರು ಅದನ್ನು ಆಫ್ ಮಾಡಿಟ್ಟಿದ್ದರು, ಹಾಗಾಗಿ ಅದರ ಮುಖವನ್ನೇ ನೋಡಿರಲಿಲ್ಲ.

ಸ್ಟ್ಯಾಟಿಕ್ ಫೈಲ್‌ಗಳನ್ನು ಹೋಮ್ ಡೈರೆಕ್ಟರಿಯಲ್ಲಿ ಅನ್‌ಜಿಪ್ ಮಾಡಿ, 'ಎಂವಿ' ಕಮಾಂಡ್ ಕೊಟ್ಟು ವೆಬ್ ಫೋಲ್ಡರಿಗೆ ಸರಿಸಿದೆ. ಬ್ರೌಸರಿನಲ್ಲಿ 403 (ಪ್ರವೇಶವಿಲ್ಲ) ಎರರ್. ಓನರ್ ಸರಿ, ಪರ್ಮಿಷನ್ ಸರಿ, ಕಾನ್ಫಿಗ್ ಸರಿ. ಫೈಲ್ ಪಟ್ಟಿ ತೋರಿಸುವ 'ಎಲ್‌ಎಸ್'ಗೆ ದೊಡ್ಡ 'ಝಡ್' ಸೇರಿಸಿ ನೋಡಿದಾಗ ತಿಳಿಯಿತು: ಸರಿಸಿದ ಫೈಲು ಹೋಮ್ ಡೈರೆಕ್ಟರಿಯ ಲೇಬಲ್ಲನ್ನೂ ಜೊತೆಗೇ ತಂದಿತ್ತು, ವೆಬ್ ಸರ್ವರ್ ಅದನ್ನು ಓದುವಂತಿಲ್ಲ. ಸರಿಸುವ ಬದಲು 'ಸಿಪಿ' (ಕಾಪಿ) ಮಾಡಿದ್ದರೆ ಹೊಸ ಜಾಗದ ಲೇಬಲ್ ತಾನಾಗಿ ಬರುತ್ತಿತ್ತು. ಲೇಬಲ್ ಸರಿಪಡಿಸುವ 'ರಿಸ್ಟೋರ್‌ಕಾನ್' ಓಡಿಸಿದೆ; 403 ಹೋಗಿ 502 ಬಂತು. ಈಗ ಎಂಜಿನ್‌ಎಕ್ಸ್‌ಗೆ 8000ನೇ ಪೋರ್ಟ್‌ನಲ್ಲಿದ್ದ ಜಾಂಗೋ ಜೊತೆ ಕನೆಕ್ಟ್ ಆಗಲು ಅನುಮತಿಯಿಲ್ಲ. ಅದಕ್ಕೆ ಬೇರೆಯೇ ಸ್ವಿಚ್, 'ಸೆಟ್‌ಎಸ್‌ಇಬೂಲ್'ನಿಂದ ಹಾಕಬೇಕು. ದೊಡ್ಡ 'ಪಿ' ಸೇರಿಸದಿದ್ದರೆ ರೀಬೂಟ್ ಆದೊಡನೆ ಮತ್ತೆ ಆಫ್. ಎಂಜಿನ್‌ಎಕ್ಸ್ ಲಾಗ್‌ನಲ್ಲಿ ಕಾಣುವುದು 'ಪರ್ಮಿಷನ್ ಡಿನೈಡ್' ಅಷ್ಟೇ. ಕಾರಣ ಇರುವುದು ಆಡಿಟ್ ಲಾಗ್‌ನಲ್ಲಿ.

'ಎಸ್‌ಇಲಿನಕ್ಸ್ ಆಫ್ ಮಾಡಿಬಿಡಿ' ಎಂಬ ಸಲಹೆ ಹೆಜ್ಜೆಹೆಜ್ಜೆಗೂ ಸಿಗುತ್ತದೆ. ದಯವಿಟ್ಟು ಮಾಡಬೇಡಿ. ಆ್ಯಪ್‌ನ ತೂತಿನಿಂದ ಯಾರಾದರೂ ನುಗ್ಗಿದರೆ ಮುಂದೆ ಹೋಗದಂತೆ ತಡೆಯುವುದು ಅದೇ. ತಂಡವಿದ್ದು, ಕಲಿಯಲು ಪುರುಸೊತ್ತಿದ್ದರೆ ಅಲ್ಮಾವನ್ನೇ ಹಾಕಿ. ಆಫೀಸು ಮುಗಿಸಿ ಬಂದು ಒಬ್ಬನೇ ಸರ್ವರ್ ನೋಡುವ ನನಗೆ ಅದು ಭಾರ. ಜೊತೆಗೆ, ಸ್ವಾಪ್ (ಮೆಮೊರಿಗೆ ನೆರವಾಗುವ ಡಿಸ್ಕ್ ಜಾಗ) ಇಲ್ಲದ 1 ಜಿಬಿಯಲ್ಲಿ ಅಲ್ಮಾದ ಪ್ಯಾಕೇಜ್ ಟೂಲ್ 'ಡಿಎನ್‌ಎಫ್'ನ ಅಪ್‌ಡೇಟ್ ಮೆಮೊರಿ ಸಾಲದೆ ಅರ್ಧಕ್ಕೇ ನಿಲ್ಲಬಹುದು. 2 ಜಿಬಿ ಪ್ಲಾನ್‌ಗೆ ಹೋದರೆ ತಿಂಗಳ ಬಾಡಿಗೆ ಏರುತ್ತದೆ, ಅಷ್ಟು ಬಜೆಟ್ ಇರಲಿಲ್ಲ.

ಉಬುಂಟು ಚೆನ್ನಾಗಿಯೇ ಓಡಿತು. ಪೈಥಾನ್ 3.12 ಬೇಕೇ ಬೇಕು ಅನ್ನುವವರು ಇದನ್ನೇ ಹಿಡಿಯಿರಿ. ನನಗೆ ಹಿಡಿಸದ್ದು ಎರಡು: ಕೇಳದೆ ಬಂದು ಕೂರುವ ಸ್ನ್ಯಾಪ್ ಎಂಬ ಪ್ಯಾಕೇಜ್ ವ್ಯವಸ್ಥೆ, ಮತ್ತು ಯೂನಿವರ್ಸ್ (ಸಮುದಾಯ ನೋಡಿಕೊಳ್ಳುವ) ಪ್ಯಾಕೇಜುಗಳ ಭದ್ರತಾ ಅಪ್‌ಡೇಟ್ ಪೂರ್ತಿ ಬೇಕೆಂದರೆ ಉಬುಂಟು ಪ್ರೊ ಖಾತೆ ತೆರೆಯಬೇಕಾದದ್ದು.

ಎಸ್‌ಇಲಿನಕ್ಸ್ ಜಾಗದಲ್ಲಿ ಡೆಬಿಯನ್‌ನಲ್ಲಿರುವುದು ಆ್ಯಪ್‌ಆರ್ಮರ್. ಅದು ಫೈಲಿನ ಪಾಥ್ ನೋಡುತ್ತದೆ, ಲೇಬಲ್ ಅಲ್ಲ. ಎಂಜಿನ್‌ಎಕ್ಸ್‌ಗಂತೂ ಪ್ರೊಫೈಲೇ (ನಿಯಮಗಳ ಪಟ್ಟಿ) ಬರುವುದಿಲ್ಲ. ಮೇಲಿನ ಪಾಡು ತಪ್ಪಿತು, ರಕ್ಷಣೆಯೂ ಅಷ್ಟು ತೆಳುವಾಯಿತು. ಅದನ್ನು ತುಂಬಲು ಜಾಂಗೋ ಸರ್ವೀಸ್ ಫೈಲಿನಲ್ಲಿ ಸರ್ವೀಸ್‌ಗಳನ್ನು ನಡೆಸುವ ಸಿಸ್ಟಂಡಿಯ 'ಪ್ರೊಟೆಕ್ಟ್‌ಸಿಸ್ಟಂ', 'ಪ್ರೊಟೆಕ್ಟ್‌ಹೋಮ್', 'ನೋನ್ಯೂಪ್ರಿವಿಲೆಜಸ್' ಸಾಲುಗಳನ್ನು ಸೇರಿಸಿದ್ದೇನೆ. ಭದ್ರತಾ ಅಪ್‌ಡೇಟ್ ರಾತ್ರಿ ತಾನಾಗಿ ಆಗುತ್ತದೆ. ಎಲ್‌ಟಿಎಸ್ ಎಂಬ ಹೆಚ್ಚುವರಿ ಅವಧಿ ಸೇರಿ 5 ವರ್ಷ ಬೆಂಬಲ. ಅಲ್ಮಾದ ಅರ್ಧ, ಆದರೂ ನನಗೆ ಸಾಕು.

2025ರ ಆಗಸ್ಟ್‌ನಲ್ಲಿ ಡೆಬಿಯನ್ 13 ಬಂತು. ಅದಕ್ಕೆ ಏರುವವರಿಗೆ ಒಂದು ಮಾತು: ಪೋಸ್ಟ್‌ಗ್ರೆಸ್ ಕ್ಲಸ್ಟರ್ (ಡೇಟಾಬೇಸ್‌ಗಳ ಗುಂಪು) 15ರಿಂದ 17ಕ್ಕೆ ತಾನಾಗಿ ಏರುವುದಿಲ್ಲ, ನಾವೇ ಏರಿಸಬೇಕು. ಡೇಟಾಬೇಸಿನ ಡಂಪ್ (ಬ್ಯಾಕಪ್ ಪ್ರತಿ) ತೆಗೆದು, ಬೇರೆ ಯಂತ್ರದಲ್ಲಿ ರಿಸ್ಟೋರ್ ಆಗುತ್ತದೆಯೇ ಎಂದು ನೋಡಿಕೊಂಡ ಮೇಲೇ ಕೈ ಹಾಕಿ.