ಗಿಟಾರ್ ಬಿಟ್ಟು ಪಿಯಾನೊಗೆ: ಆರ್ಕ್ಟಿಕ್ ಮಂಕೀಸ್‌ನ ಆರನೇ ಆಲ್ಬಮ್

ಬ್ರಿಟನ್ನಿನ ರಾಕ್ ತಂಡ ಆರ್ಕ್ಟಿಕ್ ಮಂಕೀಸ್‌ನಿಂದ 2018ರ ಮೇ 11ರಂದು ಬಂದ 'ಟ್ರಾಂಕ್ವಿಲಿಟಿ ಬೇಸ್ ಹೋಟೆಲ್ ಅಂಡ್ ಕ್ಯಾಸಿನೊ' ಕೇಳುಗರನ್ನು ಇಬ್ಭಾಗ ಮಾಡಿತು. ಅವರದೇ 2013ರ ಆಲ್ಬಮ್ 'ಎಎಂ'ನಂಥ ಭಾರವಾದ ಗಿಟಾರ್ ರಿಫ್‌ಗಳಿಗೆ (ಮತ್ತೆ ಮತ್ತೆ ಮರಳುವ ಪುಟ್ಟ ಸ್ವರಗುಚ್ಛಗಳಿಗೆ) ಕಾದಿದ್ದವರಿಗೆ ಸಿಕ್ಕಿದ್ದು ಪಿಯಾನೊ, ನಿಧಾನ ಲಯ, ಮಾತಿನಂತೆ ಹರಿಯುವ ಗಾಯನ. ಆಲ್ಬಮ್‌ಗೆ ಮೊದಲೇ ಒಂದೂ ಸಿಂಗಲ್ (ಬಿಡಿ ಹಾಡು) ಬಿಡದಿದ್ದರಿಂದ ಆಘಾತ ಇನ್ನೂ ಹೆಚ್ಚಾಯಿತು. ವಿಮರ್ಶಕರು ಬಹುಮಟ್ಟಿಗೆ ಮೆಚ್ಚಿದರು. ವರ್ಷದ ಅತ್ಯುತ್ತಮ ಆಲ್ಬಮ್‌ಗೆ ಬ್ರಿಟನ್ನಿನಲ್ಲಿ ಕೊಡುವ ಮರ್ಕ್ಯುರಿ ಪ್ರಶಸ್ತಿಯ ಕಿರುಪಟ್ಟಿಗೂ ಸೇರಿತು.

ಬದಲಾವಣೆಯ ಬೇರು ವಾದ್ಯದಲ್ಲೇ ಇದೆ. ತಂಡದ ಗಾಯಕ ಅಲೆಕ್ಸ್ ಟರ್ನರ್ ಈ ಹಾಡುಗಳನ್ನು ಕಟ್ಟಿದ್ದು ಮೂವತ್ತನೇ ಹುಟ್ಟುಹಬ್ಬಕ್ಕೆ ಉಡುಗೊರೆಯಾಗಿ ಬಂದ ಸ್ಟೈನ್‌ವೇ ಪಿಯಾನೊದ ಮುಂದೆ ಕೂತು, ಮನೆಯಲ್ಲೇ ಎಂಟು ಟ್ರ್ಯಾಕಿನ ಟೇಪ್ ರೆಕಾರ್ಡರ್ ಇಟ್ಟುಕೊಂಡು. ಕೈ ಗಿಟಾರಿನಿಂದ ಕೀಲಿಮಣೆಗೆ ಹೋದಾಗ ಸ್ವರಸಂಯೋಜನೆಯೂ ಬೇರೆ ದಾರಿ ಹಿಡಿಯುತ್ತದೆ. ರಿಫ್‌ನ ಜಾಗವನ್ನು ಇಲ್ಲಿ ಬೇಸ್ ಗಿಟಾರಿನ ತಗ್ಗು ಸ್ವರ ತುಂಬುತ್ತದೆ. ಫೋನಿನ ಸ್ಪೀಕರಿನಲ್ಲಿ ಆ ಬೇಸೇ ಮಾಯವಾಗುತ್ತದೆ, ಆಗ ಆಲ್ಬಮ್ ಬಡಕಲಾಗಿ ಕೇಳಿಸುತ್ತದೆ. ಒಳ್ಳೆಯ ಹೆಡ್‌ಫೋನ್ ಬೇಕೇ ಬೇಕು.

'ಪಲ್ಲವಿಯೇ ಇಲ್ಲ' ಎಂಬ ದೂರು ಪೂರ್ತಿ ನಿಜವಲ್ಲ. 'ಫೋರ್ ಔಟ್ ಆಫ್ ಫೈವ್'ನಲ್ಲಿ ಗಟ್ಟಿ ಪಲ್ಲವಿಯಿದೆ, ಕೊನೆಗೆ ಶ್ರುತಿ ಮೇಲೇರುವ ಸೊಗಸೂ ಇದೆ. ಹೊಸಬರು ಅಲ್ಲಿಂದಲೇ ಶುರುಮಾಡಲಿ. ಆದರೆ ನಡುವಿನ ಹಾಡುಗಳ ವೇಗ ಒಂದೇ ತೆರನಾಗಿದೆ, ಡ್ರಮ್ಸ್ ತೀರಾ ಸಂಯಮದಲ್ಲಿದೆ. ಮೊದಲ ಸಲ ಕೇಳುವಾಗ ಒಂದರೊಳಗೊಂದು ಕಲಸಿಹೋಗುತ್ತವೆ.