ಮಡಿಕೇರಿಯ ಒಂದು ರೆಸಾರ್ಟ್: ಊಟಕ್ಕೆ ನಾಲ್ಕು ತಾರೆ, ವೇದಿಕೆಗೆ ಒಂದೂ ಇಲ್ಲ

ಕಳೆದ ಡಿಸೆಂಬರಿನಲ್ಲಿ ಮಡಿಕೇರಿ ಹೊರವಲಯದ ರೆಸಾರ್ಟೊಂದರಲ್ಲಿ ಕುಟುಂಬಸಮೇತ ಎರಡು ರಾತ್ರಿ ತಂಗಿದ್ದೆವು. ಕೊಠಡಿ ಚೊಕ್ಕಟವಾಗಿತ್ತು, ಬಿಸಿನೀರಿಗೆ ಕೊರತೆಯಿರಲಿಲ್ಲ, ಕಡಂಬುಟ್ಟಿನೊಂದಿಗೆ ಬಡಿಸಿದ ಪಂದಿಕರಿಗೆ ಕಾಚಂಪುಳಿಯ ಹುಳಿ ಹದವಾಗಿ ಹತ್ತಿತ್ತು. ಬಿಲ್ಲಿನಲ್ಲಿ ‘ಸಂಜೆಯ ಮನರಂಜನೆ’ ಎಂದು ಕೊಠಡಿಗೆ 1,200 ರೂಪಾಯಿ ಸೇರಿಸಿದ್ದರು. ನಾನು ಬರೆಯಬೇಕೆಂದಿರುವುದು ಮುಖ್ಯವಾಗಿ ಆ ಹಣದ ವಿಷಯ.

ಎಂಟು ಗಂಟೆಗೆ ಆರಂಭವಾಗಬೇಕಿದ್ದ ನೃತ್ಯ ಒಂಬತ್ತೂವರೆಯಾದರೂ ಆರಂಭವಾಗಲಿಲ್ಲ. ಕೈತೊಳೆಯಲು ಹೋದ ನನ್ನ ಮಡದಿ ಕಾರಣ ತಿಳಿದುಕೊಂಡು ಬಂದಳು: ಏಜೆಂಟನೊಬ್ಬ ಬೆಂಗಳೂರಿನಿಂದ ಕರೆತಂದಿದ್ದ ಐವರು ಯುವತಿಯರು ಬಟ್ಟೆ ಬದಲಿಸಲು ಬೇರೆ ಕೋಣೆಯಿಲ್ಲದೆ ಅತಿಥಿಗಳ ಶೌಚಾಲಯದಲ್ಲೇ ನಿಂತಿದ್ದರು, ಹಿಂದಿನ ಮೂರು ಕಾರ್ಯಕ್ರಮಗಳ ಬಾಕಿ ಕೈಗೆ ಬರುವವರೆಗೂ ವೇದಿಕೆ ಹತ್ತುವುದಿಲ್ಲವೆಂದು ಪಟ್ಟು ಹಿಡಿದಿದ್ದರು. ‘ಉಡುಪಿನ ಬಾಡಿಗೆ ಅಂತ ನಮ್ಮ ದುಡ್ಡಲ್ಲೇ ಹಿಡೀತಾರೆ ಅಕ್ಕಾ, ತಡವಾದರೆ ದಂಡ ಬೇರೆ’ ಎಂದಳಂತೆ ಅವರಲ್ಲೊಬ್ಬಳು. ಕೊನೆಗೆ ಏಜೆಂಟನು ಅರ್ಧ ಬಾಕಿಯನ್ನು ಫೋನಿನಲ್ಲಿ ಕಳುಹಿಸಿದ ಮೇಲೆ, ಆ ಕೊರೆಯುವ ಚಳಿಯಲ್ಲಿ, ತೆಳು ಉಡುಪಿನಲ್ಲಿ ಅವರು ಹನ್ನೆರಡರವರೆಗೆ ಕುಣಿದರು. ಫಲಕದಲ್ಲಿ ‘ಕೊಡವ ನೃತ್ಯ’ ಎಂದಿತ್ತು. ಕೊಡವ ಹೆಂಗಸರ ಸಾಂಪ್ರದಾಯಿಕ ಕುಣಿತವಾದ ಉಮ್ಮತ್ತಾಟ್ ನೋಡಿ ಬೆಳೆದ ನನಗೆ ಅಲ್ಲಿ ಕಂಡದ್ದು ಸಿನಿಮಾ ಹಾಡುಗಳು ಮಾತ್ರ.

ಕೆಲಸಗಾರರ ಕೂಲಿಯನ್ನೇ ಮುರಿದುಕೊಳ್ಳುವ ಈ ಪದ್ಧತಿ ನಮ್ಮಲ್ಲಷ್ಟೇ ಇರುವುದಲ್ಲ. ಅಮೆರಿಕದ ಅನೇಕ ಸ್ಟ್ರಿಪ್ ಕ್ಲಬ್ಬುಗಳು ನರ್ತಕಿಯರನ್ನು ನೌಕರರೆನ್ನದೆ ಸ್ವತಂತ್ರ ಗುತ್ತಿಗೆದಾರರೆಂದು ತೋರಿಸಿ, ಕುಣಿಯಲು ಅವರಿಂದಲೇ ಶುಲ್ಕ ಪಡೆಯುತ್ತವೆ. ಲಾಸ್ ಏಂಜಲೀಸಿನ ಸ್ಟಾರ್ ಗಾರ್ಡನ್ ಕ್ಲಬ್ಬಿನ ನರ್ತಕಿಯರು ಮೈಮೇಲೆ ಬೀಳುವ ಗ್ರಾಹಕರಿಂದ ರಕ್ಷಣೆಯಿಲ್ಲವೆಂದು 2022ರ ಮಾರ್ಚಿನಲ್ಲಿ ಬಾಗಿಲ ಹೊರಗೆ ಧರಣಿ ಆರಂಭಿಸಿ, 2023ರ ಮೇ ತಿಂಗಳಲ್ಲಿ 17–0 ಮತಗಳಿಂದ ರಂಗಕಲಾವಿದರ ಸಂಘವಾದ ‘ಆಕ್ಟರ್ಸ್ ಈಕ್ವಿಟಿ’ಯನ್ನು ತಮ್ಮ ಪ್ರತಿನಿಧಿಯಾಗಿ ಆರಿಸಿಕೊಂಡರು. ಶೌಚಾಲಯದಲ್ಲಿ ಪಟ್ಟು ಹಿಡಿದ ಐವರ ಬೆನ್ನಿಗೆ ಅಂತಹ ಯಾವ ಸಂಘವೂ ಇರಲಿಲ್ಲ.

ನಮ್ಮಲ್ಲಿ ಕಾನೂನೇ ಇಲ್ಲವೆಂದಲ್ಲ. ಮಹಾರಾಷ್ಟ್ರದ ಡಾನ್ಸ್ ಬಾರ್‌ಗಳ ನಿಷೇಧ ಸಲ್ಲದೆಂದು ಸುಪ್ರೀಂ ಕೋರ್ಟ್ 2013ರಲ್ಲಿಯೇ ಹೇಳಿತು. ಅಲ್ಲಿನ ಮುಂದಿನ ಕಾಯ್ದೆಯ ಕುರಿತ 2019ರ ತೀರ್ಪಿನಲ್ಲಿ ಟಿಪ್ಸ್ ಕೊಡಬಹುದು, ನೋಟು ಎರಚಬಾರದು ಎಂದಿತು. ನಾವು ಕಂಡದ್ದು ಎರಚಾಟವನ್ನೇ. ಕುಡಿದ ಅತಿಥಿಯೊಬ್ಬ ವೇದಿಕೆಗೇ ಏರಿ ನೋಟು ತೂರಿದ. ಡಿಜೆ ಹುಡುಗ ಅವನ್ನು ಆಯ್ದು ಏಜೆಂಟನ ಚೀಲಕ್ಕೆ ಹಾಕಿದ. ಆ ಅತಿಥಿಯನ್ನು ಕೆಳಗಿಳಿಸಲು ಸಿಬ್ಬಂದಿಯಲ್ಲಿ ಯಾರೂ ಮುಂದೆ ಬರಲಿಲ್ಲ. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಗುತ್ತಿಗೆದಾರರ ಮೂಲಕ ಬಂದವರಿಗೂ ಅನ್ವಯಿಸುತ್ತದೆ, ಹತ್ತು ಅಥವಾ ಹೆಚ್ಚು ಜನ ದುಡಿಯುವಲ್ಲಿ ಆಂತರಿಕ ಸಮಿತಿ ಇರಲೇಬೇಕು. ಸ್ವಾಗತ ಕೌಂಟರಿನಲ್ಲಿ ಅದರ ಬಗ್ಗೆ ವಿಚಾರಿಸಿದಾಗ, ಯಾವ ಸಮಿತಿ ಸಾರ್ ಎಂದು ನನ್ನನ್ನೇ ಕೇಳಿದರು.

ಹೊರಡುವ ಬೆಳಿಗ್ಗೆ, 1,200 ರೂಪಾಯಿಯಲ್ಲಿ ನರ್ತಕಿಯರಿಗೆ ಸೇರುವುದೆಷ್ಟು ಎಂದು ಮ್ಯಾನೇಜರರನ್ನು ಕೇಳಿದೆ. ‘ಅದು ಏಜೆಂಟರ ಲೆಕ್ಕ ಸಾರ್, ನಮಗೆ ಸಂಬಂಧವಿಲ್ಲ’ ಎಂದು ಅವರು ಬಿಲ್ಲಿಗೆ ಮೊಹರು ಒತ್ತಿದರು.