ಮೆಲಿಯೆಸ್ ಮೊದ್ಲು ನೋಡೋದಾ, ಶೊಮೊನ್ ಮೊದ್ಲಾ?

ಹಳೇ ಮೂಕಿ ಸಿನಿಮಾಗಳ ಮ್ಯಾಜಿಕ್ ನೋಡೋಕೆ ಎಲ್ಲಿಂದ ಶುರು ಮಾಡ್ಲಿ ಅಂತ ಕೇಳೋರಿಗೆ ನಾನು ಹೇಳೋದು ಈ ಎರಡೇ ಹೆಸರು.

ಫ್ರಾನ್ಸಿನ ಜಾರ್ಜ್ ಮೆಲಿಯೆಸ್ ಅಸಲಿಗೆ ಸ್ಟೇಜ್ ಜಾದೂಗಾರ, 1888ರಲ್ಲೇ ಪ್ಯಾರಿಸ್‌ನಲ್ಲಿ ಒಂದು ಮ್ಯಾಜಿಕ್ ಥಿಯೇಟರ್ ಕೊಂಡ್ಕೊಂಡಿದ್ದವ್ನು, ಅದಕ್ಕೇ ಅವನ ಫಿಲಂ ನೋಡಿದ್ರೆ ನಾಟಕದ ಮುಂದಿನ ಸಾಲಲ್ಲಿ ಕೂತಂಗೇ ಇರತ್ತೆ. 1896ರಲ್ಲಿ ಹೆಂಗಸನ್ನ ಮಾಯ ಮಾಡೋ ಫಿಲಂ ತೆಗೆದ. ಸ್ಟೇಜಲ್ಲಾದ್ರೆ ಈ ಆಟಕ್ಕೆ ನೆಲದಲ್ಲೊಂದು ಕಳ್ಳಬಾಗಿಲು ಬೇಕು, ಇಲ್ಲಿ ಕ್ಯಾಮೆರಾ ನಿಲ್ಸಿ, ಆಕೆ ಎದ್ದು ಹೋದ್ಮೇಲೆ ಮತ್ತೆ ಓಡ್ಸಿದ್ರೆ ಮುಗೀತು, ಆದ್ರೂ ಪುಣ್ಯಾತ್ಮ ಕುರ್ಚಿ ಕೆಳಗೆ ನ್ಯೂಸ್‌ಪೇಪರ್ ಹಾಸ್ತಾನೆ ನೋಡಿ, ನೆಲದಲ್ಲೇನೂ ಇಲ್ಲ ಅಂತ ತೋರ್ಸೋಕೆ! ಸ್ಟೇಜ್ ಅಭ್ಯಾಸ ಎಲ್ಲಿ ಬಿಡತ್ತೆ.

ಸ್ಪೇನಿನ ಸೆಗುಂಡೊ ದೆ ಶೊಮೊನ್ ಬೇರೆ ಥರ, ಅವನದ್ದೆಲ್ಲ ಕ್ಯಾಮೆರಾ ತಲೆ. 1907ರ ಒಂದು ಫಿಲಂನಲ್ಲಿ ಪುಟ್ಟ ಹುಡುಗನೊಬ್ಬ ದೊಡ್ಡವರನ್ನೆಲ್ಲ ಹೊತ್ಕೊಂಡು ನಿಲ್ತಾನೆ, ನಿಜವಾಗಿ ಎಲ್ರೂ ಕಪ್ಪು ನೆಲದ ಮೇಲೆ ಮಲಗಿದಾರೆ, ಕ್ಯಾಮೆರಾ ಮೇಲಿಂದ ನೋಡ್ತಿದೆ. 1908ರ ಹೋಟೆಲ್ ಫಿಲಂನಲ್ಲಂತೂ ಬ್ರಷ್‌ಗಳು ತಾವೇ ಬಂದು ಶೂ ಉಜ್ಜತ್ವೆ, ಒಂದೊಂದು ಫ್ರೇಮಿಗೂ ವಸ್ತು ಚೂರು ಸರ್ಸಿ ಸರ್ಸಿ ತೆಗ್ದಿರೋದು.

ಜಾದೂಗಾರನ ಗತ್ತು, ತಮಾಷೆ ಬೇಕಂದ್ರೆ ಮೆಲಿಯೆಸ್. ಇದನ್ನ ಹೆಂಗಪ್ಪಾ ಮಾಡಿದ್ರು ಅಂತ ನಿಲ್ಸಿ ನಿಲ್ಸಿ ನೋಡೋ ಚಟ ಇದ್ರೆ ಶೊಮೊನ್. ಮನೇಲಿ ಮಕ್ಳಿದ್ರೆ ಆ ಹೋಟೆಲ್ಲೇ ಮೊದ್ಲು ಹಾಕಿ.